ಕ್ಷುದ್ರಗ್ರಹ ಹುಡುಕುವುದು ಹೇಗೆ, ಹೆಸರಿಡುವುದು ಯಾವಾಗ?

"ಮಾಷ್ಟ್ರೇ, ಒಂದು ಕ್ಷುದ್ರಗ್ರಹಕ್ಕೆ ನಮ್ಮ ಅಜ್ಜನ ಹೆಸರು ಇಡ್ಲಿಕ್ಕೆ ಎಷ್ಟು ಖರ್ಚಾಗ್ತದೆ?"

ಬದಿಯಡ್ಕ ಪೇಟೆಯಲ್ಲಿ, ಕುಂಬಳೆ ಬಸ್ಸಿನಲ್ಲಿ, ಒಮ್ಮೆ ಮದುವೆಯ ಪಂಕ್ತಿಯಲ್ಲಿ ಸಾರು ಬಡಿಸುವ ಹೊತ್ತಿಗೂ ನನಗೆ ಈ ಪ್ರಶ್ನೆ ಎದುರಾಗಿದೆ. "ಕ್ಷುದ್ರಗ್ರಹ ಪತ್ತೆ ಹಚ್ಚಿದ ಬಾಲಕಿ" ಎಂಬ ಪತ್ರಿಕೆಯ ತುಣುಕೊಂದು ವಾಟ್ಸಾಪಿನಲ್ಲಿ ತಿರುಗಿದ ವಾರವಂತೂ ಕೇಳುವುದೇ ಬೇಡ. ಪ್ರತಿಯೊಬ್ಬರಿಗೂ ಅದನ್ನೇ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಚುಟುಕು ಉತ್ತರ: ಖರ್ಚು ಒಂದು ಪೈಸೆಯೂ ಇಲ್ಲ. ಕಾಯಬೇಕಾದ್ದು ಮಾತ್ರ ಐದು ವರ್ಷವೋ ಹತ್ತು ವರ್ಷವೋ. ಯಾರಾದರೂ ದುಡ್ಡು ತೆಗೆದುಕೊಂಡು ಬಣ್ಣದ ಸರ್ಟಿಫಿಕೇಟು ಕೊಟ್ಟು "ನಿಮ್ಮ ಹೆಸರು ಆಕಾಶದಲ್ಲಿದೆ" ಎಂದರೆ ಆ ಹೆಸರು ಇರುವುದು ಅವರ ಪುಸ್ತಕದಲ್ಲಿ ಮಾತ್ರ. ಅಧಿಕೃತ ಹೆಸರನ್ನು ಒಪ್ಪುವುದು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಒಂದು ಸಮಿತಿ. ಆ ಸಮಿತಿ ಹೆಸರು ಮಾರುವುದಿಲ್ಲ.

ಮೊದಲು ತಿಳಿದಿರಬೇಕಾದದ್ದು

ಸೂರ್ಯನಿಂದ ಭೂಮಿಗೆ ಇರುವ ದೂರವನ್ನು ಒಂದು ಮಾರು ಎಂದಿಟ್ಟುಕೊಳ್ಳಿ. ಸುಮಾರು 2.1 ಮಾರಿನಿಂದ 3.3 ಮಾರಿನವರೆಗೆ, ಮಂಗಳ ಮತ್ತು ಗುರುವಿನ ನಡುವೆ, ಲಕ್ಷಾಂತರ ಕಲ್ಲುಗಳು ಸೂರ್ಯನನ್ನು ಸುತ್ತುತ್ತಿವೆ. ಇದು ಮುಖ್ಯ ಪಟ್ಟಿ. ಈ ಕಲ್ಲುಗಳೇ ಕ್ಷುದ್ರಗ್ರಹಗಳು. ಅವುಗಳಲ್ಲಿ ಮೊದಲು ಕಂಡದ್ದು ಸೆರೆಸ್, ಸುಮಾರು 940 ಕಿಲೋಮೀಟರ್ ಅಗಲದ್ದು. 1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಜ್ಜಿಗೆ ಅದು ಕಂಡಿತು. ಕೆಲವು ವಾರ ಹಿಂಬಾಲಿಸಿದ ಮೇಲೆ ಅದು ಸೂರ್ಯನ ಬೆಳಕಿನೊಳಗೆ ಸರಿದು ಕೈತಪ್ಪಿತು. ಇದ್ದ ಕೆಲವೇ ಅಳತೆಗಳಿಂದ ಅದರ ದಾರಿಯನ್ನು ಲೆಕ್ಕ ಹಾಕಿ ಕೊಟ್ಟವನು 24ರ ಹರೆಯದ ಗಣಿತಜ್ಞ ಗೌಸ್. ಅವನ ಲೆಕ್ಕ ತೋರಿಸಿದ ದಿಕ್ಕಿನಲ್ಲಿ ಅದೇ ವರ್ಷದ ಕೊನೆಗೆ ಸೆರೆಸ್ ಮತ್ತೆ ಸಿಕ್ಕಿತು.

ಈ ಕತೆಯನ್ನು ಸುಮ್ಮನೆ ಹೇಳಿದ್ದಲ್ಲ. ಕಂಡದ್ದಷ್ಟೇ ಸಾಲದು, ಮತ್ತೆ ಎಲ್ಲಿ ಕಾಣುತ್ತದೆ ಎಂದು ಹೇಳಲಿಕ್ಕೆ ಬರಬೇಕು. ಇಂದಿಗೂ ಪತ್ತೆಯ ಲೆಕ್ಕ ಇದೇ. ಮುಂದಿನ ಅಷ್ಟೂ ಹಂತಗಳು, ಅಷ್ಟೂ ವರ್ಷಗಳ ಕಾಯುವಿಕೆ ಇದಕ್ಕಾಗಿಯೇ.

ದೂರದ ಸಂಗತಿ ಎಂದೂ ತಿಳಿಯಬೇಡಿ. 1861ರ ಏಪ್ರಿಲಿನಲ್ಲಿ ಮದ್ರಾಸ್ ವೀಕ್ಷಣಾಲಯದಿಂದ ನಾರ್ಮನ್ ಪಾಗ್ಸನ್ ಕಂಡುಹಿಡಿದ ಕ್ಷುದ್ರಗ್ರಹದ ಹೆಸರೇ ಏಷ್ಯಾ, ಸಂಖ್ಯೆ 67. ನಮ್ಮ ಖಂಡದಿಂದ ಪತ್ತೆಯಾದ ಮೊದಲನೆಯದು ಅದು. 1988ರ ಫೆಬ್ರವರಿ 17ರಂದು ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರಿನಲ್ಲಿ ಆರ್. ರಾಜಮೋಹನ್ 45 ಸೆಂಟಿಮೀಟರಿನ ಶ್ಮಿಟ್ ದೂರದರ್ಶಕದಿಂದ ಕಂಡದ್ದು ಈಗ 4130 ರಾಮಾನುಜನ್.

ಏನೇನು ಬೇಕು?

ದೂರದರ್ಶಕ ಬೇಡ. ಹೌದು, ಸರಿಯಾಗಿಯೇ ಓದಿದಿರಿ. ವಿಂಡೋಸ್ ಇರುವ ಒಂದು ಲ್ಯಾಪ್‌ಟಾಪ್, ಮಧ್ಯೆ ಕೈಕೊಡದ ಇಂಟರ್‌ನೆಟ್, ಒಳ್ಳೆಯ ಮೌಸ್, ಮೂರು ನಾಲ್ಕು ಜನ, ಇಷ್ಟು ಸಾಕು. ಮೌಸ್ ಎಂದದ್ದು ತಮಾಷೆಗಲ್ಲ, ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಲ್ಲಿ ಈ ಕೆಲಸಕ್ಕೆ ಹೊರಟರೆ ಅರ್ಧ ಗಂಟೆಯಲ್ಲಿ ಮಕ್ಕಳು ಎದ್ದು ಹೋಗುತ್ತಾರೆ.

ಕಾಸರಗೋಡಿನ ಶಾಲೆಗಳವರಿಗೆ ವಿಶೇಷ ಎಚ್ಚರಿಕೆ ಒಂದಿದೆ. ನಮ್ಮ ಶಾಲೆಗಳಿಗೆ ಕೇರಳ ಸರಕಾರದ ಕೈಟ್ ಸಂಸ್ಥೆಯಿಂದ ಬಂದಿರುವ ಲ್ಯಾಪ್‌ಟಾಪುಗಳಲ್ಲಿ ಇರುವುದು ಲಿನಕ್ಸ್. ಈ ಕೆಲಸದ ಸಾಫ್ಟ್‌ವೇರ್ ವಿಂಡೋಸಿನದ್ದು. ಶಾಲೆಯ ಲ್ಯಾಪ್‌ಟಾಪ್ ಇದೆಯಲ್ಲ ಎಂದು ನೆಚ್ಚಿಕೊಂಡು ಕೊನೆಯ ದಿನ ಪರದಾಡಬೇಡಿ. ಪಿಟಿಎಯವರಲ್ಲಿ ಒಬ್ಬರ ಮನೆಯಲ್ಲಾದರೂ ವಿಂಡೋಸ್ ಇದ್ದೇ ಇರುತ್ತದೆ, ಕೇಳಿ.

ಹಂತ 1: ಒಂದು ಕ್ಷುದ್ರಗ್ರಹವನ್ನು ಕಣ್ಣಾರೆ ನೋಡಿ

ಇದು ಕಡ್ಡಾಯವಲ್ಲ. ಆದರೆ ಪರದೆಯ ಮೇಲೆ ಚುಕ್ಕೆ ಹುಡುಕುವ ಮೊದಲು ಮಕ್ಕಳಿಗೆ ಒಮ್ಮೆ ನಿಜವಾದ ಆಕಾಶ ತೋರಿಸದಿದ್ದರೆ ಅವರ ಪಾಲಿಗೆ ಇದು ಇನ್ನೊಂದು ಮೊಬೈಲ್ ಗೇಮ್.

ವೆಸ್ಟಾ ಎಂಬ ಕ್ಷುದ್ರಗ್ರಹ ಸುಮಾರು 525 ಕಿಲೋಮೀಟರ್ ಅಗಲ. ಒಳ್ಳೆಯ ವರ್ಷಗಳಲ್ಲಿ ಕತ್ತಲೆಯ ಜಾಗದಿಂದ ಬರಿಗಣ್ಣಿಗೇ ಅಂಚಿನಲ್ಲಿ ಕಾಣುವಷ್ಟು ಬೆಳಗುತ್ತದೆ. ಬೈನಾಕ್ಯುಲರಿನಲ್ಲಂತೂ ಸಲೀಸು. ಸ್ಟೆಲ್ಲೇರಿಯಮ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಅದು ಎಂದು ಅಪೋಸಿಷನ್‌ಗೆ ಬರುತ್ತದೆ ನೋಡಿಕೊಳ್ಳಿ. ಅಪೋಸಿಷನ್ ಎಂದರೆ ನಮ್ಮಿಂದ ನೋಡುವಾಗ ಸೂರ್ಯನಿಗೆ ಸರಿಯಾಗಿ ಎದುರು ಬರುವುದು: ಪಡುವಣದಲ್ಲಿ ಸೂರ್ಯ ಮುಳುಗುವಾಗ ಮೂಡಣದಲ್ಲಿ ಅದು ಏಳುತ್ತದೆ, ರಾತ್ರಿಯಿಡೀ ಕಾಣುತ್ತದೆ, ಹೆಚ್ಚು ಬೆಳಗುತ್ತದೆ. ಆ ದಿನಗಳಲ್ಲಿ ಸುತ್ತಲಿನ ನಕ್ಷತ್ರಗಳ ಚಿತ್ರ ಬರೆದುಕೊಳ್ಳಿ. ಮರುದಿನ, ಅದರ ಮರುದಿನ ಮತ್ತೆ ಬರೆಯಿರಿ. ಒಂದೇ ಒಂದು ಚುಕ್ಕೆ ದಿನಕ್ಕೆ ಚಂದ್ರನ ಅಗಲದ ಅರ್ಧದಷ್ಟು ಸರಿದಿರುತ್ತದೆ. ಅದೇ ವೆಸ್ಟಾ.

ಜಾಗ ಯಾವುದು? ಹೆದ್ದಾರಿಯ ದೀಪಗಳಿಂದ ಪೂರ್ವಕ್ಕೆ ಸರಿದಷ್ಟೂ ಒಳ್ಳೆಯದು. ಪೈವಳಿಕೆಯ ಪೊಸಡಿಗುಂಪೆಯ ತುದಿ ಚೆನ್ನ, ಆದರೆ ಮಕ್ಕಳನ್ನು ರಾತ್ರಿ ಅಲ್ಲಿಗೆ ಹತ್ತಿಸುವ ಧೈರ್ಯ ನನಗಿಲ್ಲ. ಅಡಿಕೆ ಒಣಗಿಸುವ ಅಂಗಳವೇ ಸಾಕು. ತೋಟದ ನಡುವೆ ಆಕಾಶ ತೆರೆದಿರುವ ಜಾಗ ಅದೊಂದೇ. ತೊಂದರೆ ಏನೆಂದರೆ ಆಕಾಶ ತಿಳಿಯಾಗಿರುವ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಅಂಗಳದ ತುಂಬ ಅಡಿಕೆ ಹರವಿರುತ್ತದೆ. ಟ್ರೈಪಾಡಿನ ಮೂರು ಕಾಲು ಊರುವಷ್ಟು ಜಾಗವನ್ನು ಮನೆಯವರ ಅಪ್ಪಣೆ ಪಡೆದೇ ಬಿಡಿಸಿಕೊಳ್ಳಿ. ಕತ್ತಲೆಯಲ್ಲಿ ಅಡಿಕೆಯ ಮೇಲೆ ಕಾಲಿಟ್ಟು ಜಾರಿದವರನ್ನು ನಾನು ನೋಡಿದ್ದೇನೆ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದರೆ ನಮ್ಮ ಬೈನಾಕ್ಯುಲರಿಗೂ ರಜೆ. ಅದನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬಿಯಲ್ಲಿಡಿ. ಇಲ್ಲವಾದರೆ ಮಳೆಗಾಲ ಮುಗಿಯುವಷ್ಟರಲ್ಲಿ ಗಾಜಿನೊಳಗೆ ಬೂಷ್ಟು ಬಂದಿರುತ್ತದೆ.

ಹಂತ 2: ತಂಡ ಕಟ್ಟಿ, ಹೆಸರು ನೋಂದಾಯಿಸಿ

ಇಂಟರ್‌ನ್ಯಾಷನಲ್ ಆಸ್ಟ್ರೊನಾಮಿಕಲ್ ಸರ್ಚ್ ಕೊಲಾಬರೇಷನ್ ಎಂಬ ಕಾರ್ಯಕ್ರಮ 2006ರಿಂದ ನಡೆಯುತ್ತಿದೆ. ಅದರ ಮೊದಲಕ್ಷರಗಳನ್ನು ಕೂಡಿಸಿ "ಐಸಾಕ್" ಎನ್ನುತ್ತಾರೆ. ಅಮೆರಿಕದ ಟೆಕ್ಸಾಸಿನಲ್ಲಿ ಇದರ ಕೇಂದ್ರ. ಹವಾಯಿ ದ್ವೀಪಸಮೂಹದ ಹಲೆಯಕಲಾ ಪರ್ವತದಲ್ಲಿರುವ ಪ್ಯಾನ್-ಸ್ಟಾರ್ಸ್ ದೂರದರ್ಶಕ ತೆಗೆದ ಚಿತ್ರಗಳನ್ನು ಇವರು ಲೋಕದ ನಾನಾ ಕಡೆಯ ಶಾಲೆಗಳಿಗೆ, ಆಸಕ್ತರಿಗೆ ಹಂಚುತ್ತಾರೆ. ಆ ದೂರದರ್ಶಕದ ಕನ್ನಡಿ 1.8 ಮೀಟರ್ ಅಗಲ. ಹವಾಯಿಯಲ್ಲಿ ನಡುರಾತ್ರಿ ಎಂದರೆ ನಮಗೆ ಮಧ್ಯಾಹ್ನ ಮೂರೂವರೆ. ನಾವು ಕೊನೆಯ ಪಿರಿಯಡಿನಲ್ಲಿ ಇರುವಾಗ ಅಲ್ಲಿ ನಮಗಾಗಿ ಚಿತ್ರ ತೆಗೆಯುತ್ತಿರುತ್ತಾರೆ ಎಂದರೆ ಮಕ್ಕಳಿಗೆ ಬಲು ಖುಷಿ.

ಭಾಗವಹಿಸುವುದು ಉಚಿತ. ಒಂದೊಂದು ಸುತ್ತು ಸುಮಾರು ಒಂದು ತಿಂಗಳು. ನಡುವೆ ನಿಂತು ಶುಲ್ಕ ಕೇಳುವವರು ಸಿಕ್ಕರೆ, ಆ ಹಣ ಅವರ ತರಬೇತಿಗೆ ಹೊರತು ಪತ್ತೆಗಲ್ಲ ಎಂದು ತಿಳಿದು ಕೊಡಿ ಅಥವಾ ಬಿಡಿ.

ನೋಂದಣಿಯಲ್ಲಿ ಜನ ಎಡವುವುದು ಸುತ್ತಿನ ತಿಂಗಳನ್ನು ಆರಿಸುವಾಗ. ಪರೀಕ್ಷೆಯ ತಿಂಗಳು ಬೇಡ, ಕಲೋತ್ಸವದ ತಿಂಗಳೂ ಬೇಡ. ಮಳೆಗಾಲ ಆಗಬಹುದು, ನಮ್ಮ ಆಕಾಶ ಮುಚ್ಚಿದ್ದರೇನು, ಚಿತ್ರ ಬರುವುದು ಹವಾಯಿಯಿಂದ ತಾನೇ? ಸಿಡಿಲಿಗೆ ಮೋಡೆಮ್ ಸುಟ್ಟುಹೋಗದ ಹಾಗೆ ನೋಡಿಕೊಂಡರಾಯಿತು.

ಹಂತ 3: ಅಸ್ಟ್ರೊಮೆಟ್ರಿಕಾ ಹಾಕಿಕೊಳ್ಳಿ

ಚಿತ್ರಗಳನ್ನು ತೆರೆದು ಅಳೆಯುವ ಸಾಫ್ಟ್‌ವೇರಿನ ಹೆಸರು ಅಸ್ಟ್ರೊಮೆಟ್ರಿಕಾ. ಆಸ್ಟ್ರಿಯಾದ ಹರ್ಬರ್ಟ್ ರಾಬ್ ಬರೆದದ್ದು. ಚಿತ್ರಗಳು ಫಿಟ್ಸ್ ಎಂಬ ನಮೂನೆಯಲ್ಲಿರುತ್ತವೆ. ಅದು ಮೊಬೈಲಿನಲ್ಲಿ ತೆಗೆದ ಫೋಟೋದಂಥದ್ದಲ್ಲ, ಚಿತ್ರದ ಜೊತೆಗೆ ತೆಗೆದ ಕ್ಷಣ, ದಿಕ್ಕು, ದೂರದರ್ಶಕದ ವಿವರ ಎಲ್ಲವೂ ಅದೇ ಕಡತದೊಳಗೆ ಇರುತ್ತದೆ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ಆ ದೂರದರ್ಶಕಕ್ಕೆಂದೇ ಕಳಿಸಿಕೊಡುವ ಸೆಟ್ಟಿಂಗ್ಸ್ ಕಡತವನ್ನು ಹಾಕದೆ ಚಿತ್ರ ತೆರೆಯುವುದು. ಹಾಗೆ ಮಾಡಿದರೆ ಸಾಫ್ಟ್‌ವೇರಿಗೆ ನಕ್ಷತ್ರಗಳ ಗುರುತು ಹತ್ತುವುದಿಲ್ಲ. ಇನ್ನೊಂದು, ಈಗಾಗಲೇ ಗೊತ್ತಿರುವ ಕ್ಷುದ್ರಗ್ರಹಗಳ ಪಟ್ಟಿಯನ್ನು ಹೊಸದಾಗಿ ಇಳಿಸಿಕೊಳ್ಳದೆ ಇರುವುದು. ಇದರ ಫಲ ನಾನೇ ಉಂಡಿದ್ದೇನೆ. ನಮ್ಮ ತಂಡದ ಏಳನೇ ತರಗತಿಯ ಹುಡುಗಿಯೊಬ್ಬಳು ಸೊಗಸಾದ ಚುಕ್ಕೆಯೊಂದನ್ನು ಹಿಡಿದಳು. ಮಿಠಾಯಿಯೂ ಹಂಚಿಯಾಯಿತು. ಸಂಜೆ ಪಟ್ಟಿ ಇಳಿಸಿ ನೋಡಿದರೆ ಅದು ಎಷ್ಟೋ ವರ್ಷದ ಹಿಂದೆಯೇ ಸಂಖ್ಯೆ ಪಡೆದಿದ್ದ ಹಳೆಯ ಕುಳ.

ಹಂತ 4: ಮಿನುಗಿಸಿ, ಹುಡುಕಿ, ಸಂಶಯಪಡಿ

ಅಸಲಿ ಕೆಲಸ ಇದು. ಒಂದೊಂದು ಕಟ್ಟಿನಲ್ಲಿ ಆಕಾಶದ ಒಂದೇ ತುಣುಕಿನ ನಾಲ್ಕು ಚಿತ್ರಗಳಿರುತ್ತವೆ, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ತೆಗೆದವು. ಅವನ್ನು ಒಂದರ ಮೇಲೊಂದು ಸರಸರನೆ ಬದಲಾಯಿಸಿ ತೋರಿಸುವುದಕ್ಕೆ ಬ್ಲಿಂಕ್ ಮಾಡುವುದು ಎನ್ನುತ್ತಾರೆ. ಪರದೆಯ ತುಂಬ ಬೂದು ಬಣ್ಣ, ಅದರ ಮೇಲೆ ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳು. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಎಲ್ಲೋ ಒಂದು ಮೂಲೆಯಲ್ಲಿ ಒಂದು ಕಾಳು ಮಾತ್ರ ಟಕ್, ಟಕ್, ಟಕ್ ಎಂದು ಒಂದೇ ಗೆರೆಯಲ್ಲಿ ಹೆಜ್ಜೆ ಹಾಕುತ್ತದೆ. ಮೊದಲ ಸಲ ಅದನ್ನು ಕಂಡಾಗ ಮೈ ಜುಮ್ಮೆನ್ನುತ್ತದೆ. ಕೂಡಲೇ ಕೂಗಬೇಡಿ.

ಮುಖ್ಯ ಪಟ್ಟಿಯ ಕಲ್ಲು ಅಪೋಸಿಷನ್ ಹೊತ್ತಿಗೆ ಗಂಟೆಗೆ ಸುಮಾರು 30ರಿಂದ 40 ಆರ್ಕ್‌ಸೆಕೆಂಡ್ ಸರಿಯುತ್ತದೆ. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್. ಹುಣ್ಣಿಮೆಯ ಚಂದ್ರನ ಅಗಲ ಇಂಥ 1800 ಪಾಲು. ಅಂದರೆ ಒಂದು ಗಂಟೆಯಲ್ಲಿ ಅದು ಚಂದ್ರನ ಅಗಲದ ಐವತ್ತನೇ ಒಂದು ಪಾಲಿನಷ್ಟು ಮಾತ್ರ ನಡೆದಿರುತ್ತದೆ.

ಕಂಡ ಚುಕ್ಕೆಯನ್ನು ಈ ನಾಲ್ಕು ಪ್ರಶ್ನೆ ಕೇಳಿ:

ನಾಲ್ಕೂ ಚಿತ್ರದಲ್ಲಿ ಇದೆಯೇ? ಮೂರರಲ್ಲಿ ಕಂಡು ಒಂದರಲ್ಲಿ ಮಾಯವಾದರೆ, ಅಲ್ಲಿ ನಕ್ಷತ್ರವೊಂದರ ಮೇಲೆ ಹಾದುಹೋಗಿದೆಯೇ ಎಂದು ನೋಡಿ. ಎರಡರಲ್ಲೇ ಇದ್ದರೆ ಬಿಟ್ಟುಬಿಡಿ.

ನೇರ ಗೆರೆಯಲ್ಲಿ, ಕಾಲಕ್ಕೆ ತಕ್ಕ ಹೆಜ್ಜೆ ಇಡುತ್ತಿದೆಯೇ? ಕುಡಿದವನ ನಡಿಗೆಯಂತೆ ಅಡ್ಡಾದಿಡ್ಡಿ ಇದ್ದರೆ ಅದು ಕ್ಯಾಮೆರಾದ ಸದ್ದು. ಸದ್ದು ಎಂದರೆ ಇಲ್ಲಿ ಕಿವಿಗೆ ಕೇಳುವುದಲ್ಲ, ಕ್ಯಾಮೆರಾ ತಾನಾಗಿ ಹುಟ್ಟಿಸುವ ಸುಳ್ಳು ಚುಕ್ಕೆ.

ಹೊಳಪು ಹೆಚ್ಚುಕಡಿಮೆ ಒಂದೇ ತೆರನಾಗಿದೆಯೇ? ಒಂದು ಚಿತ್ರದಲ್ಲಿ ದಪ್ಪ, ಇನ್ನೊಂದರಲ್ಲಿ ಸಾಸಿವೆ ಎಂದಾದರೆ ನಂಬಬೇಡಿ.

ಆಕಾರ ಪಕ್ಕದ ನಕ್ಷತ್ರಗಳಂತೆ ದುಂಡಗೆ, ಅಂಚು ಮೃದುವಾಗಿ ಇದೆಯೇ? ಚೂಪಾದ ಒಂದೇ ಚೌಕದ ಚುಕ್ಕೆ ಕೆಟ್ಟ ಪಿಕ್ಸೆಲ್ ಆಗಿರಬಹುದು, ಅಥವಾ ಬಾಹ್ಯಾಕಾಶದಿಂದ ಬಂದು ಕ್ಯಾಮೆರಾಕ್ಕೆ ಬಡಿದ ಕಾಸ್ಮಿಕ್ ಕಿರಣದ ಗುರುತು.

ಸಾಫ್ಟ್‌ವೇರ್ ತಾನಾಗಿಯೇ ಚಲಿಸುವ ವಸ್ತುಗಳನ್ನು ಹುಡುಕಿ ಕೊಡುತ್ತದೆ. ಅದು ತೋರಿಸಿದ್ದನ್ನೆಲ್ಲ ಹೌದು ಹೌದು ಎಂದು ಒಪ್ಪುತ್ತ ಹೋಗುವ ತಂಡಗಳಿವೆ. ಸಂಖ್ಯೆ ಹೆಚ್ಚಿಸುವ ಚಪಲ. ಯಂತ್ರ ತಪ್ಪಿದ್ದನ್ನು ಹಿಡಿಯಲಿಕ್ಕೆಂದೇ ನಿಮ್ಮ ಕಣ್ಣು ಬೇಕಾಗಿರುವುದು. ನಾನು ಮಾಡಿಸುವುದು ಹೀಗೆ: ಪರದೆಯನ್ನು ಮನಸ್ಸಿನಲ್ಲೇ ಒಂಬತ್ತು ಚೌಕ ಮಾಡಿ, ಒಂದೊಂದು ಚೌಕವನ್ನು ಇಬ್ಬರು ಬೇರೆ ಬೇರೆಯಾಗಿ ನೋಡಬೇಕು, ಇಬ್ಬರೂ ಒಪ್ಪಿದರೆ ಮಾತ್ರ ಬರೆದುಕೊಳ್ಳಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಹಸಿರು ನೋಡಿ ಬರಬೇಕು.

ಹಂತ 5: ವರದಿ ಕಳಿಸಿ

ಚುಕ್ಕೆಯ ಮೇಲೆ ಕ್ಲಿಕ್ ಮಾಡಿದರೆ ಅದರ ಸ್ಥಾನ, ಹೊಳಪು, ಕಾಲ ಎಲ್ಲ ಸಾಫ್ಟ್‌ವೇರೇ ಬರೆದುಕೊಳ್ಳುತ್ತದೆ. ಆ ಸಾಲುಗಳನ್ನು ಕೈಯಿಂದ ತಿದ್ದಲು ಹೋಗಬೇಡಿ. ಒಂದು ಖಾಲಿ ಜಾಗ ಆಚೀಚೆ ಆದರೂ ವರದಿ ತಿರಸ್ಕೃತ. ಏನೂ ಸಿಗದಿದ್ದರೆ "ಏನೂ ಸಿಗಲಿಲ್ಲ" ಎಂದು ಕಳಿಸಿ, ಅದಕ್ಕೆ ನಾಚಿಕೆ ಬೇಡ. ಗಡುವು ಬಿಗಿ ಇರುವುದರಿಂದ ಕರೆಂಟು ಇರುವಾಗಲೇ ಕಳಿಸಿಬಿಡಿ.

ಹಂತ 6: ಕಾಯುವುದು, ಮತ್ತು ಕಾಗದ ಓದಲು ಕಲಿಯುವುದು

ಪತ್ರಿಕೆಗಳು ಹೆಚ್ಚಾಗಿ ಎಡವುವುದು ಇಲ್ಲಿ. ಪತ್ತೆಯಲ್ಲಿ ಮೂರು ಮೆಟ್ಟಿಲಿವೆ.

ಮೊದಲನೆಯದು ಪ್ರಾಥಮಿಕ ಪತ್ತೆ. ನಿಮ್ಮ ಚುಕ್ಕೆ ಪರಿಶೀಲನೆಗೆ ಯೋಗ್ಯ ಎಂದಷ್ಟೇ ಇದರ ಅರ್ಥ. ಸರ್ಟಿಫಿಕೇಟು ಬರುತ್ತದೆ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಅಡ್ಡಿಯಿಲ್ಲ. ಆದರೆ ಈ ಹಂತದಲ್ಲೇ ಹೆಸರು ಆರಿಸಲು ಕೂರುವುದು ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ. ಇವುಗಳಲ್ಲಿ ಬಹಳಷ್ಟು ಮುಂದೆ ಸಾಗುವುದೇ ಇಲ್ಲ.

ಎರಡನೆಯದು ತಾತ್ಕಾಲಿಕ ಗುರುತು. ಅಮೆರಿಕದ ಕೇಂಬ್ರಿಜಿನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್ ಜಗತ್ತಿನ ಇಂಥ ಅಳತೆಗಳೆಲ್ಲ ಸೇರುವ ಕಚೇರಿ. ಇನ್ನೊಂದು ರಾತ್ರಿಯೂ ಅದೇ ವಸ್ತು ಕಂಡಿದ್ದರೆ ಅದಕ್ಕೊಂದು ಗುರುತು ಕೊಡುತ್ತಾರೆ. ಶೋಧಕರು ಯಾರೆಂದು ತೀರ್ಮಾನಿಸುವಾಗಲೂ 2010ರ ಅಕ್ಟೋಬರಿನಿಂದ ಎರಡನೇ ರಾತ್ರಿಯ ವರದಿಗೇ ತೂಕ.

ಈ ಗುರುತನ್ನು ಓದುವುದು ಮಜಾ. ರಾಮಾನುಜನ್ ಕ್ಷುದ್ರಗ್ರಹದ ತಾತ್ಕಾಲಿಕ ಗುರುತು 1988 ಡಿಕ್ಯೂ1. ಮೊದಲು ವರ್ಷ. ಮುಂದಿನ ಅಕ್ಷರ ತಿಂಗಳ ಯಾವ ಅರ್ಧ ಎಂದು ಹೇಳುತ್ತದೆ: ಜನವರಿಯ ಮೊದಲರ್ಧ ಎ, ಎರಡನೇ ಅರ್ಧ ಬಿ, ಹಾಗೆಯೇ ಫೆಬ್ರವರಿ 16ರಿಂದ ಕೊನೆಯವರೆಗೆ ಡಿ. ಮೂರನೆಯದು ಆ ಹದಿನೈದು ದಿನದಲ್ಲಿ ಎಷ್ಟನೆಯದು ಎಂಬ ಕ್ರಮ. ಐ ಎಂಬ ಇಂಗ್ಲಿಷ್ ಅಕ್ಷರ ಒಂದರ ಅಂಕೆಯಂತೆ ಕಾಣುವುದರಿಂದ ಅದನ್ನು ಬಿಡುತ್ತಾರೆ, ಆಗ ಉಳಿಯುವುದು 25 ಅಕ್ಷರ, ಕ್ಯೂ ಹದಿನಾರನೆಯದು. ಕೊನೆಯ 1 ಎಂದರೆ 25ರ ಒಂದು ಸುತ್ತು ಮುಗಿದಿದೆ. 25ಕ್ಕೆ 16 ಕೂಡಿಸಿ, ಆ ಅರ್ಧ ತಿಂಗಳಿನ 41ನೆಯ ವಸ್ತು. ಇನ್ನೊಂದನ್ನು ನೋಡಿ, ಗಾಯಕ ಪಂಡಿತ್ ಜಸರಾಜರ ಹೆಸರಿನ ಕ್ಷುದ್ರಗ್ರಹ: 2006 ವಿಪಿ32. ನವೆಂಬರಿನ ಮೊದಲರ್ಧ, 32 ಸುತ್ತು, ಪಿ ಹದಿನೈದನೆಯದು. ಲೆಕ್ಕ ಹಾಕಿದರೆ 815ನೆಯದು. ಹದಿನೆಂಟು ವರ್ಷಗಳಲ್ಲಿ ಹುಡುಕುವ ಯಂತ್ರಗಳು ಎಷ್ಟು ಬಲಿತಿವೆ ಎಂಬುದು ಈ ಎರಡು ಗುರುತುಗಳಲ್ಲೇ ಕಾಣುತ್ತದೆ.

ಮೂರನೆಯದು ಶಾಶ್ವತ ಸಂಖ್ಯೆ. ಮುಖ್ಯ ಪಟ್ಟಿಯ ಕಲ್ಲಾದರೆ ಸಾಮಾನ್ಯವಾಗಿ ನಾಲ್ಕು ಅಪೋಸಿಷನ್‌ಗಳಲ್ಲಾದರೂ ಅದು ಕಂಡಿರಬೇಕು, ದಾರಿ ಇನ್ನು ತಪ್ಪುವುದಿಲ್ಲ ಎಂದು ಖಾತ್ರಿಯಾಗಬೇಕು. ಒಂದು ಅಪೋಸಿಷನ್‌ನಿಂದ ಇನ್ನೊಂದಕ್ಕೆ ಒಂದೂಕಾಲು ವರ್ಷಕ್ಕೂ ಮಿಕ್ಕಿ ಹಿಡಿಯುತ್ತದೆ. ಐದು ವರ್ಷ ಎಂದದ್ದು ಈ ಲೆಕ್ಕದಿಂದ. ಸಂಖ್ಯೆ ಪಡೆದವು ಏಳು ಲಕ್ಷ ದಾಟಿವೆ. ಹೆಸರು ಪಡೆದವು 25 ಸಾವಿರದ ಆಸುಪಾಸು.

ಹಂತ 7: ಹೆಸರು

ಸಂಖ್ಯೆ ಬಂದ ಮೇಲೆ ಹೆಸರು ಸೂಚಿಸುವ ಹಕ್ಕು ಶೋಧಕರಿಗೆ ಹತ್ತು ವರ್ಷ ಇರುತ್ತದೆ. ಐಸಾಕ್ ಮೂಲಕ ಪತ್ತೆಯಾದದ್ದಾದರೆ ಅವರ ಮೂಲಕವೇ ಕಳಿಸಬೇಕು. ನಿಯಮಗಳು ಹೀಗಿವೆ: ರೋಮನ್ ಲಿಪಿಯಲ್ಲಿ 16 ಅಕ್ಷರ ಮೀರಬಾರದು, ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಸೇರುತ್ತದೆ. ಒಂದೇ ಪದವಾದರೆ ಚೆನ್ನ. ಉಚ್ಚರಿಸಲು ಬರಬೇಕು. ಇರುವ ಹೆಸರನ್ನು ತೀರಾ ಹೋಲಬಾರದು. ಅಂಗಡಿ, ಕಂಪನಿಗಳ ಹೆಸರು ಸಲ್ಲದು, ಸಾಕುಪ್ರಾಣಿಯ ಹೆಸರಿಗೆ ಪ್ರೋತ್ಸಾಹವಿಲ್ಲ. ರಾಜಕೀಯಕ್ಕೆ ಅಥವಾ ಯುದ್ಧಕ್ಕೆ ಮುಖ್ಯವಾಗಿ ಹೆಸರಾದವರು ತೀರಿ ನೂರು ವರ್ಷ ಕಳೆದಿರಬೇಕು. ಬದುಕಿರುವ ಇತರರ ಹೆಸರಿಗೆ ಅಡ್ಡಿಯಿಲ್ಲ. ಚೆಸ್ ಆಟಗಾರ ವಿಶ್ವನಾಥನ್ ಆನಂದರ ಹೆಸರಿನ 4538 ವಿಶಿಆನಂದ್ ಇದೆ.

ನಮ್ಮೂರಿನ ಹೆಸರುಗಳನ್ನೇ ತೂಗಿ ನೋಡೋಣ. "ಮಂಜೇಶ್ವರ ಗೋವಿಂದ ಪೈ" ಎಂದು ಬಿಡಿಸಿ ಬರೆದರೆ 16 ದಾಟಿತು. "ಗೋವಿಂದಪೈ" ಎಂದು ಕೂಡಿಸಿದರೆ ರೋಮನಿನಲ್ಲಿ ಹತ್ತೇ ಅಕ್ಷರ. ಕುಂಬಳೆಯ ಪಾರ್ತಿಸುಬ್ಬನಿಗೆ ಹನ್ನೊಂದು. ಕಯ್ಯಾರ ಕಿಞ್ಞಣ್ಣ ರೈಗಳ ವಿಚಾರಕ್ಕೆ ಬಂದಾಗ ಜಾಗ್ರತೆ ಬೇಕು. ಅವರು ತೀರಿದ್ದು 2015ರಲ್ಲಿ. ಹೆಸರಿನ ಜೊತೆ ಕಳಿಸುವ ನಾಲ್ಕು ಸಾಲಿನ ಟಿಪ್ಪಣಿಯಲ್ಲಿ ಕಾಸರಗೋಡು ವಿಲೀನ ಹೋರಾಟವನ್ನೇ ಮುಂದೆ ಮಾಡಿದರೆ ಸಮಿತಿ ನೂರು ವರ್ಷದ ನಿಯಮ ತೋರಿಸಬಹುದು. ಕವಿ, ಅಧ್ಯಾಪಕ ಎಂದು ಶುರುಮಾಡಿದರೆ ಮಾತು ಬೇರೆ, ಅದು ಸುಳ್ಳೂ ಅಲ್ಲ. "ಞ್ಞ"ವನ್ನು ರೋಮನಿನಲ್ಲಿ ಹೇಗೆ ಬರೆಯುವುದೆಂದು ಮನೆಯವರನ್ನು ಮೊದಲೇ ಕೇಳಿಕೊಳ್ಳಿ. ಹೊಸ ಹೆಸರುಗಳನ್ನು ಪ್ರಕಟಿಸುವ ಸಮಿತಿಯ ಬುಲೆಟಿನ್‌ನಲ್ಲಿ ಒಮ್ಮೆ ಅಚ್ಚಾಯಿತೆಂದರೆ ಕಾಗುಣಿತ ಕೂತುಬಿಡುತ್ತದೆ.

ಅಜ್ಜನ ಹೆಸರು? ನಿಯಮ ಅಡ್ಡ ಬರುವುದಿಲ್ಲ. ಟಿಪ್ಪಣಿಯಲ್ಲಿ ಬರೆಯಲು ಅಜ್ಜನ ಬಗ್ಗೆ ನಾಲ್ಕು ಸಾಲು ಗಟ್ಟಿ ಸಂಗತಿ ಇರಲಿ.

ನೀವೇ ಪತ್ತೆ ಮಾಡಬೇಕೆಂದೂ ಇಲ್ಲ. ಬೇರೆಯವರು ಕಂಡ ಕ್ಷುದ್ರಗ್ರಹದಲ್ಲಿ ತಮ್ಮ ಹೆಸರು ಪಡೆದವರೇ ಹೆಚ್ಚು. ಕಾವಲೂರಿನಲ್ಲಿ 1989ರಲ್ಲಿ ಕಂಡ 5178ನೆಯದಕ್ಕೆ ಪಟ್ಟಾಳಿ ಎಂದು ಹೆಸರು. ಅದು ಪ್ರಾಣಿಶಾಸ್ತ್ರದ ಅಧ್ಯಾಪಕ ಸೈನುದ್ದೀನ್ ಪಟ್ಟಾಳಿಯವರ ಗೌರವಕ್ಕೆ. ಕೊಲ್ಲಂ ಜಿಲ್ಲೆಯ ಒಂದು ಊರಿನ ಹೆಸರು ಹಾಗೆ ಮೇಲೇರಿತು.

ಸ್ವಂತ ದೂರದರ್ಶಕ ಇರುವವರಿಗೆ

ಎಂಟು ಇಂಚಿನ ದೂರದರ್ಶಕ ಕೊಂಡು ಹೊಸ ಕ್ಷುದ್ರಗ್ರಹ ಹುಡುಕುತ್ತೇನೆ ಎನ್ನುವವರಿಗೆ ನನ್ನ ಸಲಹೆ, ಆ ಆಸೆಗಾಗಿ ಕೊಳ್ಳಬೇಡಿ. ಈಗ ಉಳಿದಿರುವವು ಅದಕ್ಕೆ ಎಟುಕದಷ್ಟು ಮಂಕು. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನಿನಲ್ಲಿ ಮೊದಲ ಚಿತ್ರಗಳನ್ನು ತೋರಿಸಿದಾಗ, ಸುಮಾರು ಹತ್ತು ಗಂಟೆಗಳ ವೀಕ್ಷಣೆಯಲ್ಲೇ 2104 ಹೊಸ ಕ್ಷುದ್ರಗ್ರಹಗಳು ಸಿಕ್ಕಿದ್ದವು. ಗೊತ್ತಿರುವ ಕಲ್ಲುಗಳ ಸ್ಥಾನ ಅಳೆದು ಕಳಿಸುವ ಕೆಲಸ ಮಾತ್ರ ಅಂಗಳದಿಂದಲೂ ಆಗುತ್ತದೆ. ಅದಕ್ಕೆ ಮೈನರ್ ಪ್ಲಾನೆಟ್ ಸೆಂಟರಿನಿಂದ ನಿಮ್ಮ ಜಾಗಕ್ಕೊಂದು ವೀಕ್ಷಣಾಲಯ ಸಂಕೇತ ಪಡೆಯಬೇಕು. ಅವರ ಗಡಿಯಾರ ಗ್ರೀನಿಚ್ ಕಾಲದ್ದು, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಜನವರಿ 5ರ ಬೆಳಗಿನ ಜಾವ ಎರಡು ಗಂಟೆಗೆ ತೆಗೆದ ಚಿತ್ರ ಅವರಿಗೆ ಜನವರಿ 4ರ ರಾತ್ರಿ ಎಂಟೂವರೆಯದ್ದು. ಈ ದಿನಾಂಕದ ತಪ್ಪು ಮಾಡದವರು ಕಡಿಮೆ.

ಇನ್ನೊಂದು ಮಾತು, ಶಾಲೆಗಳವರಿಗೆ. ನೋಂದಾಯಿಸುವಾಗ ಯಾರೋ ಒಬ್ಬ ಅಧ್ಯಾಪಕರ ಸ್ವಂತ ಇಮೇಲ್ ಕೊಟ್ಟುಬಿಡುತ್ತೇವೆ. ಸಂಖ್ಯೆ ಬಂತು, ಹೆಸರು ಸೂಚಿಸಿ ಎಂಬ ಪತ್ರ ಆರೋ ಏಳೋ ವರ್ಷದ ಮೇಲೆ ಬರುವ ಹೊತ್ತಿಗೆ ಆ ಅಧ್ಯಾಪಕರಿಗೆ ವರ್ಗವಾಗಿರುತ್ತದೆ, ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ. ಶಾಲೆಯ ಹೆಸರಿನಲ್ಲೇ ಒಂದು ಇಮೇಲ್ ತೆರೆಯಿರಿ. ಪಾಸ್‌ವರ್ಡನ್ನು, ತಂಡದಲ್ಲಿದ್ದ ಮಕ್ಕಳ ಪೂರ್ಣ ಹೆಸರನ್ನು, ಯಾವ ಚಿತ್ರದಲ್ಲಿ ಯಾರಿಗೆ ಯಾವ ಚುಕ್ಕೆ ಕಂಡಿತೆಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಹಾಜರಿ ಪುಸ್ತಕಗಳನ್ನು ಇಡುವ ಕಪಾಟಿನಲ್ಲೇ ಇಡಿ. ಗೆದ್ದಲು ಹತ್ತದ ಮೇಲಿನ ಅರೆಯಲ್ಲಿ.